ಕ್ಯಾಪ್ಟನ್ ಮುಚ್ಚಿದ ಬಾಗಿಲು

ಭಾನುವಾರ ಸಂಜೆ ಸತ್ತ ಗೆಳೆಯನ ಮನೆಗೆ ಹೋಗಿ, ಅವನ ಹೆಂಡತಿಯ ಜೊತೆ ಕೂತು ಆ ಧಾರಾವಾಹಿ ನೋಡುವುದು ನನಗೆ ಒಂಬತ್ತು ವರ್ಷದ ರೂಢಿ. ಅಂತರಿಕ್ಷ ನೌಕೆಯೊಂದರ ಕತೆ. ಇಂಗ್ಲಿಷಿನಿಂದ ಡಬ್ ಆದದ್ದು, ಮುಗಿಯುವ ಲಕ್ಷಣವೇ ಇಲ್ಲ. ಅವರು ಒಂದು ಕಂತನ್ನೂ ಬಿಟ್ಟವರಲ್ಲ.

ಗಣಿಯೊಳಗೆ ನೀರು ನುಗ್ಗಿದ ದಿನ, ಗೆಳೆಯ ಓಡಿ ಬರುತ್ತಿರುವುದನ್ನು ಕಂಡೂ ನಾನು ಕಬ್ಬಿಣದ ಬಾಗಿಲು ಮುಚ್ಚಿದ್ದೆ. ಈಚೆಗಿದ್ದ ಆರು ಮಂದಿ ಬದುಕಿಕೊಂಡೆವು. ಅದನ್ನು ನಾನು ಅವನ ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ.

ಈ ವಾರದ ಕಂತಿನಲ್ಲಿ ಕ್ಯಾಪ್ಟನ್ ತನ್ನವನೊಬ್ಬನನ್ನು ಹೊರಗೇ ಬಿಟ್ಟು ನೌಕೆಯ ಬಾಗಿಲು ಮುಚ್ಚಿದ. ಹೊರಗಿದ್ದವನು ಬಡಿಯುತ್ತಲೇ ಇದ್ದ. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಮಾತ್ರ ನಿಲ್ಲಲಿಲ್ಲ.

ಮುಗಿದ ಮೇಲೆ ಕೇಳಿದೆ, "ಹೇಗಿತ್ತಕ್ಕಾ?"

"ಹೋದ ವಾರದ್ದೇ ವಾಸಿ. ಆ ಹಸಿರು ಮೂತಿಯವರು ನಗಿಸಾದ್ರೂ ನಗಿಸಿದ್ರು."

"ಬಾಗಿಲು ಮುಚ್ಚಿದ್ದು ತಪ್ಪಲ್ವಾ?"

"ತಪ್ಪೇನಣ್ಣಾ? ಮುಚ್ಚದೇ ಇದ್ದಿದ್ರೆ ಎಲ್ರೂ ಹೋಗ್ತಿದ್ರು. ಅದಕ್ಕೆ ನಾನು ಅವನನ್ನ ಬಯ್ಯಲ್ಲ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಉಸಿರು ಸರಾಗವಾಗಿ ಬಂತು. ಈಗ ಹೇಳಿಬಿಡೋಣ ಎಂದುಕೊಂಡೆ.

"ಆಮೇಲೆ ಮಾಡಿದ್ದು ನಂಗೆ ಹಿಡಿಸಲಿಲ್ಲ" ಎಂದರು ಅವರು, ಟೀವಿ ಆರಿಸುತ್ತಾ. "ಸತ್ತವನ ಹೆಂಡ್ತಿ ಮನೇಗೆ ಹೋಗ್ತಾನೆ, ಅವಳು ಕೊಟ್ಟ ಕಾಫಿ ಕುಡೀತಾನೆ, ಎದ್ದು ಬರ್ತಾನೆ. ಒಂದು ಮಾತು ಹೇಳಲ್ಲ. ಅವಳಾದ್ರೂ ಎಷ್ಟು ದಿನಾಂತ ಕಾಯ್ಬೇಕು?"

ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಕಂತು ಮುಗಿಯುವವರೆಗೂ ಕ್ಯಾಪ್ಟನ್ ನೌಕೆಯಿಂದ ಇಳಿದೇ ಇರಲಿಲ್ಲ.