ಅಡ್ಡಣಿಗೆ

ಮಹೇಶ್ವರಿಯ ಬಾಯಿಂದ ಚಿಮ್ಮಿದ ಗಂಜಿ, ಎದುರಿಗೆ ಉಣ್ಣಲು ಕೂತಿದ್ದ ಅಪ್ಪನ ಅಂಗಿಯ ಮೇಲೆ ಬಿತ್ತು. ಚನ್ನಬಸವನ ಬಲಗೈ ಮೇಲೆದ್ದಿತು. ಆ ಕೈಯನ್ನು ಅವನ ತಾಯಿ ಮುರಿಗೆವ್ವ ಚೆನ್ನಾಗಿ ಬಲ್ಲಳು. ತೊಟ್ಟಿಲಲ್ಲಿ ಅಳುತ್ತಿದ್ದ ಕೂಸು ಮಹೇಶ್ವರಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದ್ದು ಇದೇ ಕೈ. ಅಂದಿನಿಂದ ಕೂಸಿನ ಕುತ್ತಿಗೆ ನಿಂತಿಲ್ಲ, ಮಾತು ಬಂದಿಲ್ಲ. ಈಗ ಮೈನೆರೆದ ಹುಡುಗಿ. ಆದರೂ ಅಜ್ಜಿಯೇ ದವಡೆ ನೀವಿ, ಬಾಯಿ ಬಿಡಿಸಿ, ಎಳೆಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಗುಟುಕು ಗುಟುಕಾಗಿ ಉಣಿಸಬೇಕು. ಎತ್ತಿ ಇಳಿಸಿ ಮುದುಕಿಯ ನಡುವೇ ಬಾಗಿಹೋಗಿದೆ.

"ಇಷ್ಟ ದೊಡ್ಡಾಕಿ ಆಗಿ ಉಗುಳ್ತೀಯೇನ?" ಚನ್ನಬಸವ ಹಲ್ಲು ಕಡಿದ. ಆ ತಪ್ಪಿಗೆ ಸೇರಿದ್ದ ಜೈಲಿನಿಂದ ಬಿಡುಗಡೆಯಾಗಿ ಬೆಳಗಿನ ಶಿರಸಿ ಬಸ್ಸಿಗೆ ಬಂದವನು. ಹಸಿದು ಬಂದ ಮಗನೆಂದು ಮುರಿಗೆವ್ವ, ಸತ್ತ ಗಂಡನ ಅಡ್ಡಣಿಗೆಯನ್ನೇ ಒರೆಸಿ, ಅದರ ಮೇಲೆ ತಾಟಿಟ್ಟು ರೊಟ್ಟಿ ಬಡಿಸಿದ್ದಳು.

ಅವನ ಕೈ ಕೆಳಗಿಳಿಯುವ ಮೊದಲೇ ತಾಟು ಉರುಳಿತು. ಮೂರು ಕಾಲಿನ ಕಬ್ಬಿಣದ ಅಡ್ಡಣಿಗೆ ಮುದುಕಿಯ ಎರಡೂ ಕೈಯಲ್ಲಿತ್ತು. ಮೊದಲ ಏಟಿಗೇ ಅವನ ಮಣಿಕಟ್ಟು ಲಟಕ್ಕೆಂದಿತು. ನೆಲಕ್ಕೆ ಬಿದ್ದವನ ಬೆರಳುಗಳ ಮೇಲೆ ಮತ್ತೆ ಬಡಿದಳು, ತೋಳು ಸೋಲುವ ತನಕ ಬಡಿದಳು. ರೊಟ್ಟಿಗೆಲ್ಲ ರಕ್ತ ಹತ್ತಿತು.

"ಯವ್ವಾ, ಕೈ ಹೋತಬೇ! ಇನ್ನ ನಾ ಹ್ಯಾಂಗ ಉಣ್ಲಿ?"

ಮುರಿಗೆವ್ವ ಅಡ್ಡಣಿಗೆ ಬಿಟ್ಟು ಮೊಮ್ಮಗಳ ಹಿಂದೆ ಕೂತಳು. ಅವಳ ತಲೆಯನ್ನು ಎದೆಗೆ ಆನಿಸಿಕೊಂಡು, ಬೆರಳಿನಿಂದ ದವಡೆ ನೀವಿದಳು.

"ಇಕಿ ಹ್ಯಾಂಗ ಉಣ್ತಾಳ, ನೋಡಿ ಕಲ್ತಗೊ," ಎಂದು ಒಳಲೆ ಎತ್ತಿದಳು.