ರೆಪ್ಪೆ ಬಡಿಯದ ಮಧ್ಯಾಹ್ನ

ಈಗೆಲ್ಲ ಬೇಸರದ ಹೊತ್ತು ಬಂದರೆ ರೆಪ್ಪೆ ಬಡಿದರೆ ಸಾಕು, ಕಣ್ಣು ತೆರೆಯುವಷ್ಟರಲ್ಲಿ ಆ ಹೊತ್ತು ನಿಜಕ್ಕೂ ದಾಟಿಹೋಗಿರುತ್ತದೆ. ನಾನು ಸಿನಿಮಾ ಎಡಿಟರ್. ಎಲ್ಲಿ ಕತ್ತರಿಸಬೇಕೆಂದು ನನಗೆ ಹೇಳಿಕೊಡಬೇಕೆ? ಬಸ್ಸಿಗೆ ಕಾಯುವುದು, ಮದುವೆಮನೆಯ ಭಾಷಣ, ಹೆಂಡತಿ ವನಜಾಕ್ಷಿಯ ಮುಗಿಯದ ಕತೆಗಳು, ಎಲ್ಲ ಕಟ್. ಕಣ್ಣು ತೆರೆದಾಗ ಅವಳು ಯಾವಾಗಲೂ “ಅಷ್ಟೇ ನೋಡಿ” ಎನ್ನುತ್ತಿರುತ್ತಾಳೆ.

ನಾಳೆ ಅವಳ ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲವಂತೆ.

ಆಸ್ಪತ್ರೆಯ ಮಂಚದ ಮೇಲೆ ಕೂತು, ಮೇಲಿನ ಮನೆಯ ನಲ್ಲಿ ಸೋರಿದ ಕತೆ ಶುರುಮಾಡಿದಳು. ಪ್ಲಂಬರ್ ಬಂದ, ಹೋದ, ಮತ್ತೆ ಬಂದ. ಬಿಸಿಲು ಗೋಡೆಯಿಂದ ಹಾಸಿಗೆಗೆ ಇಳಿಯಿತು. ಅವಳ ದನಿ ಎಲ್ಲೆಲ್ಲೋ ಸುತ್ತಿ, ಮೆಲ್ಲಗೆ ಹರಿಯುತ್ತಲೇ ಇತ್ತು.

“ಯಾಕ್ರೀ, ಕಣ್ಣಲ್ಲಿ ನೀರು?”

“ಅಳ್ತಿಲ್ಲ ಕಣೆ. ಆಗಿಂದ ರೆಪ್ಪೆ ಬಡಿದಿಲ್ಲ, ಉರೀತಿದೆ. ಪ್ಲಂಬರ್ ಮತ್ತೆ ಬಂದ, ಆಮೇಲೆ?”