ಮೂರನೇ ತಿರುವು

“ಇದರ ಗಾಲಿ ಎಲ್ಲಿ ಅದಾವ್ರಿ?”

ಆಯುಧಪೂಜೆಯ ಆರತಿ ತಟ್ಟೆ ಹಿಡಿದ ಸ್ವಪ್ನಾ ಟಿವಿ ಮುಂದೆ ಸೀಟು, ಸ್ಟೀರಿಂಗು, ಬ್ರೇಕು ಜೋಡಿಸಿದ ಗಂಡನ ರೇಸಿಂಗ್ ಸಿಮ್ಯುಲೇಟರ್ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದಳು. ಸ್ಟೀರಿಂಗಿಗೆ ವಿಭೂತಿ, ಕುಂಕುಮ, ಹೂವು ಎಲ್ಲಾ ಆಗಿತ್ತು.

“ಟಿವಿ ಒಳಗ,” ಅಂದ ರವಿಕಿರಣ.

“ಟಿವಿ ಒಳಗ ಲಿಂಬಿಹಣ್ಣ ಹ್ಯಾಂಗ ಇಡ್ಲಿ?”

“ಎಲ್ಲ್ಯಾರ ಇಡು ಮಾರಾಯ್ತಿ,” ಎಂದು ಅವನು ಮುಖ ತೊಳೆಯಲು ಓಡಿದ. ಆನ್‌ಲೈನ್ ಸ್ಪರ್ಧೆ ಆರು ಗಂಟೆಗೆ ಮುಗಿಯುತ್ತಿತ್ತು. ಮೊದಲ ಇಪ್ಪತ್ತು ಜನಕ್ಕೆ ಶುಕ್ರವಾರ ನಿಜವಾದ ಟ್ರ್ಯಾಕಿನಲ್ಲಿ ನಿಜವಾದ ರೇಸ್ ಕಾರು ಓಡಿಸುವ ಅವಕಾಶ. ರಾಯ್ ಎಂಬ ಮಾಲೀಕನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿ ಹತ್ತು ವರ್ಷ ಕಂಡವರ ಕಾರುಗಳ ಕೆಳಗೆ ಮಲಗಿದವನಿಗೆ ಒಂದೇ ಒಂದು ಸಲ ಒಳಗೆ ಕೂತು ಓಡಿಸುವ ಆಸೆ. ಅವನ ಸ್ಥಾನ ಇಪ್ಪತ್ತಾರು.

ಎಲ್ಲಾ ಕೆಡುತ್ತಿದ್ದುದು ಮೂರನೇ ತಿರುವಿನಲ್ಲಿ. ಗೋಡೆ ಕಂಡೊಡನೆ ಅವನ ಕಾಲು ಬ್ರೇಕನ್ನು ಪಾತಾಳಕ್ಕೆ ತುಳಿಯುತ್ತಿತ್ತು. ಚಕ್ರ ಬಿಗಿದು, ಕಾರು ತಿರುಗದೆ ನೆಟ್ಟಗೆ ಗೋಡೆಗೆ. ಜೊತೆಗೆ ಕೆಲಸ ಮಾಡುವ ಅಫ್ಸಲ್ ಎರಡು ತಿಂಗಳಿಂದ ಪಾಠ ಹೇಳಿದ್ದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

“ಬ್ರೇಕ್ ಅರ್ಧ ಸಾಕು ಭಾಯಿ, ಗೋಡೆ ನೋಡ್ಬೇಡ, ಹೋಗುವ ದಾರಿ ನೋಡು,” ಎಂದು ಈಗಲೂ ಹೆಡ್‌ಫೋನಿನಲ್ಲಿ ಅವನದೇ ದನಿ. “ಕೊನೇ ಸುತ್ತು. ಯಲ್ಲಾ, ನಡಿ!”

ಮೂರನೇ ತಿರುವು ಬಂತು. ಗೋಡೆ ಬಂತು. ರವಿಕಿರಣ ಎಂದಿನಂತೆ ಜೀವ ಬಿಟ್ಟು ತುಳಿದ. ಬ್ರೇಕು ಅರ್ಧಕ್ಕೇ ನಿಂತಿತು. ಕಾರು ಒಳಅಂಚನ್ನು ಸವರಿಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಚೆ ಹೊರಟಿತು.

ಹತ್ತೊಂಬತ್ತನೇ ಸ್ಥಾನ.

“ಅಂತೂ ನನ್ನ ಮಾತು ಕೇಳಿದೆಯಲ್ಲ!” ಅಫ್ಸಲ್ ಕಿರುಚಿದ. “ಶುಕ್ರವಾರವೂ ಕಾಲು ಹೀಗೇ ಇರ್ಲಿ!”

ರವಿಕಿರಣನಿಗೆ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಬಗ್ಗಿ ನೋಡಿದ. ಬ್ರೇಕಿನ ಹಿಂದೆ ಒಂದು ಲಿಂಬೆಹಣ್ಣು, ಮೈಯೆಲ್ಲ ಬಿರಿದು, ರಸ ಸುರಿಸುತ್ತ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಯಾರಿಗೂ ಹೇಳದೆ, ಇನ್ನೊಂದು ಸುತ್ತು ಓಡಿಸಿದ. ಮೂರನೇ ತಿರುವಿನಲ್ಲಿ ನೆಟ್ಟಗೆ ಗೋಡೆಗೆ.

ಸ್ವಪ್ನಾ ಪ್ರಸಾದ ತಂದಳು. “ಶುಕ್ರವಾರದ್ದು ಖರೇ ಕಾರಲ್ರಿ? ಅದಕ್ಕರ ಗಾಲಿ ಇರ್ತಾವು. ನಾಲ್ಕ ಲಿಂಬಿಹಣ್ಣ ಸಾಕಲ್ಲ?”

ರವಿಕಿರಣ ತನ್ನ ಕಾಲನ್ನೂ ಬ್ರೇಕನ್ನೂ ನೋಡಿದ.

“ಐದ ತಗೊ,” ಅಂದ.